ಕೇಳಿದಾಗಲೆಲ್ಲ ನೂರಾ ಮೂವತ್ತು

ಹೆಗ್ಗನಹಳ್ಳಿ ಕ್ರಾಸಿನಿಂದ ಪೀಣ್ಯ ಎರಡನೇ ಹಂತಕ್ಕೆ ಹೋಗುವ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಗೂ ಒಂದು ಕೋಳಿ ಅಂಗಡಿಗೂ ನಡುವೆ ಹತ್ತಡಿ ಅಗಲದ ಮೆಡಿಕಲ್ ಸ್ಟೋರ್ ಇದೆ. ಬೋರ್ಡಿನ ಮೇಲೆ ಯಾವುದೋ ದೇವರ ಹೆಸರಿದೆ. ಆ ಹೆಸರು ಹೇಳಿದರೆ ಆಟೋದವರಿಗೆ ತಿಳಿಯುವುದಿಲ್ಲ, ಸುಬ್ಬಕ್ಕನ ಮೆಡಿಕಲ್ಲು ಅನ್ನಬೇಕು. ಅಂಗಡಿ ಪ್ರಸನ್ನ ಎಂಬ ಮೂವತ್ತರ ಹುಡುಗನದು, ಅವನಪ್ಪನಿಂದ ಬಂದದ್ದು. ಸುಬ್ಬಲಕ್ಷ್ಮಿ ಅಲ್ಲಿ ಹದಿನಾಲ್ಕು ವರ್ಷದಿಂದ ಸಂಬಳಕ್ಕಿರುವ ಫಾರ್ಮಸಿಸ್ಟ್. ಗೋಡೆಯ ಮೇಲಿನ ಸರ್ಟಿಫಿಕೇಟು ಒಬ್ಬರದು, ಕೌಂಟರಿನ ಹಿಂದೆ ನಿಂತವರು ಇನ್ನೊಬ್ಬರು ಎಂಬ ಅಂಗಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇಲ್ಲಿ ಇಬ್ಬರೂ ಒಬ್ಬರೇ.

ವಯಸ್ಸು ನಲವತ್ತಾರು. ಅಪ್ಪ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಫಿಟ್ಟರ್. ಕಾಲೋನಿಯ ಕ್ವಾರ್ಟರ್ಸಿನಲ್ಲಿ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು ಬೆಳೆದವಳು. ಬಾಯಿ ಜೋರು. ಆ ಬಾಯಿಗೆ ಹೆದರಿ ಮಾತ್ರೆ ನುಂಗುವ ಗಂಡಸರು ಆ ರಸ್ತೆಯಲ್ಲಿ ಐವತ್ತು ಜನರಾದರೂ ಇದ್ದಾರೆ.

"ಏನಣ್ಣ, ಹತ್ತು ದಿನದ ಮಾತ್ರೆ ಇಪ್ಪತ್ತು ದಿನ ಬಂತಲ್ಲ, ಮರಿ ಹಾಕಿದ್ವಾ?"

"ಬಿಟ್ಟು ಬಿಟ್ಟು ತಗೊಂಡೆ ಅಕ್ಕಾ. ಚೆನ್ನಾಗೇ ಇದ್ನಲ್ಲ."

"ಕಾಲು ಕುಯ್ಯೋವಾಗ್ಲೂ ಬಿಟ್ಟು ಬಿಟ್ಟೇ ಕುಯ್ತಾರೆ. ಮೊದ್ಲು ಬೆರಳು, ಆಮೇಲೆ ಪಾದ. ಚೆನ್ನಾಗಿರುತ್ತೆ."

"ಬೈಬೇಡಿ ಅಕ್ಕಾ. ನಿಮ್ದೆಷ್ಟಿದೆ ಈಗ?"

"ನೂರಾ ಮೂವತ್ತು."

ಯಾರು ಕೇಳಿದರೂ, ಯಾವತ್ತು ಕೇಳಿದರೂ ನೂರಾ ಮೂವತ್ತೇ. ಸುಬ್ಬಕ್ಕನಿಗೂ ಸಕ್ಕರೆ ಕಾಯಿಲೆ ಇದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಇದ್ದೂ ಅದನ್ನು ಮೂಗುದಾರ ಹಾಕಿ ಕಟ್ಟಿಹಾಕಿದ್ದಾಳೆ ಎಂಬುದು ಊರು ನಂಬಿದ್ದ ಸಂಗತಿ.

ಕಾಯಿಲೆ ಬಂದದ್ದು ಮೂವತ್ತೊಂದನೇ ವಯಸ್ಸಿಗೆ, ಎರಡನೇ ಬಸಿರಿನಲ್ಲಿ. ಹೆರಿಗೆ ಆದ ಮೇಲೆ ಹೋಗುತ್ತದೆ ಅಂದಿದ್ದರು, ಹೋಗಲಿಲ್ಲ. ಮೊದಲ ವರ್ಷ ಒಂದು ದಿನ ಮನೆಯಲ್ಲಿ ಮಾತ್ರೆ ನುಂಗಿ, ತಿಂಡಿ ಆಮೇಲೆ ತಿಂದರಾಯಿತು ಎಂದು ಬಸ್ ಹತ್ತಿದಳು. ಟ್ರಾಫಿಕ್ಕಿನಲ್ಲಿ ಬಸ್ ನಿಂತಿತು. ಲಗ್ಗೆರೆ ಹತ್ತಿರ ಬರುವಷ್ಟರಲ್ಲಿ ಮೈಯೆಲ್ಲ ಬೆವೆತು, ನಾಲಿಗೆ ದಪ್ಪಗಾಗಿ, ಪಾಸು ಕೇಳಿದ ಕಂಡಕ್ಟರಿಗೆ ಬಾಯಿಗೆ ಬಂದಂತೆ ಬೈದಳಂತೆ. ಬೆಳಬೆಳಗ್ಗೆಯೇ ಹಾಕ್ಕೊಂಡು ಬಂದವ್ಳೆ ಎಂದು ಹಿಂದಿನ ಸೀಟಿನವರು ನಕ್ಕರು. ಕಂಡಕ್ಟರು ಇಳಿಸಿದ. ಫುಟ್‌ಪಾತಿನಲ್ಲಿ ಹೂ ಕಟ್ಟುತ್ತಿದ್ದ ಮುದುಕಿಯೊಬ್ಬಳು ಏನೂ ಕೇಳದೆ ತನ್ನ ಲೋಟದ ಸಿಹಿ ಟೀ ಕುಡಿಸಿದಳು. ಅವಳ ಗಂಡನಿಗೂ ಹೀಗೇ ಆಗುತ್ತಿತ್ತಂತೆ.

ಅಂದಿನಿಂದ ಸುಬ್ಬಲಕ್ಷ್ಮಿ ಒಂದು ನೋಟ್‌ಬುಕ್ ಇಟ್ಟಳು. ಬೆಳಿಗ್ಗೆ ಖಾಲಿ ಹೊಟ್ಟೆಯದೊಂದು ನಂಬರು, ಸಂಜೆಯದೊಂದು ನಂಬರು, ಪಕ್ಕದಲ್ಲಿ ತಾರೀಖು. ಒಂದು ತುಂಬಿದರೆ ಇನ್ನೊಂದು. ಅದರಲ್ಲಿ ಒಂದು ದಿನವೂ ಸುಳ್ಳು ಬರೆದಿಲ್ಲ. ಬರೆದದ್ದನ್ನು ಯಾರಿಗೂ ತೋರಿಸಿಯೂ ಇಲ್ಲ. ಸುಳ್ಳು ಬಾಯಲ್ಲಿತ್ತು.

ಆಕೆಯ ಇನ್ನೊಂದು ಪದ್ಧತಿ ಮಾತ್ರೆ ಕವರಿನ ಮೇಲೆ ಚಿತ್ರ ಬರೆಯುವುದು. ಪೀಣ್ಯಕ್ಕೆ ದುಡಿಯಲು ಬಂದವರಲ್ಲಿ ಒಡಿಶಾದವರಿದ್ದಾರೆ, ಬಿಹಾರದವರಿದ್ದಾರೆ, ರಾಯಚೂರಿನವರಿದ್ದಾರೆ. ಯಾವ ಭಾಷೆಯಲ್ಲಿ ಬರೆದರೂ ಅರ್ಧ ಜನಕ್ಕೆ ತಿಳಿಯುವುದಿಲ್ಲ. ಅದಕ್ಕೆ ಬೆಳಿಗ್ಗೆ ಅಂದರೆ ಸೂರ್ಯ, ರಾತ್ರಿ ಅಂದರೆ ಚಂದ್ರ. ಊಟಕ್ಕೆ ಮುಂಚೆ ಅಂದರೆ ಖಾಲಿ ತಟ್ಟೆ, ಊಟ ಆದ ಮೇಲೆ ಅಂದರೆ ಗುಡ್ಡೆ ಹಾಕಿದ ಅನ್ನದ ತಟ್ಟೆ. ಹತ್ತು ವರ್ಷ ಈ ಚಿತ್ರಗಳ ಬಗ್ಗೆ ಆಕೆಗೆ ಒಳಗೊಳಗೇ ಹೆಮ್ಮೆಯಿತ್ತು.

ಗೌರಿ ಗಣೇಶ ಹಬ್ಬ ಮುಗಿದು ಒಂದು ವಾರ. ಶನಿವಾರ ಮಧ್ಯಾಹ್ನ ಎರಡೂ ಕಾಲಿಗೆ ಅಂಗಡಿ ಮುಂದೆ ಆಟೋ ನಿಂತಿತು. ಮುನಿಕೃಷ್ಣ ಇಳಿದ. ಕಾರಿನ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವನು. ಹಿಂದೆಯೇ ಇನ್ನೊಬ್ಬನನ್ನು ಎಳೆದು ಇಳಿಸಿದ. ಅವನು ಭರಮಪ್ಪ, ಹಾವೇರಿ ಕಡೆಯವನು, ಅದೇ ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಎರಡು ತಿಂಗಳಿನಿಂದ ಸುಬ್ಬಕ್ಕನ ಹತ್ತಿರವೇ ಸಕ್ಕರೆ ಮಾತ್ರೆ ಒಯ್ಯುತ್ತಿದ್ದವನು. ತಲೆ ತಗ್ಗಿಸಿ "ಅಕ್ಕಾರ" ಅನ್ನದೆ ಮಾತು ಶುರು ಮಾಡದ ಮನುಷ್ಯ.

"ಅಕ್ಕಾ, ನೋಡಕ್ಕಾ ಇವ್ನ. ಕುಡ್ದವ್ನೆ ಅಂತ ಗೇಟಲ್ಲೇ ಆಚೆ ಹಾಕ್ಬಿಟ್ರು. ನಿಂಬೆರಸ ಕುಡಿಸಿದ್ರೆ ಇಳಿಯುತ್ತಾ?"

"ಬಿಡಲೇ ನನ್ನ! ಎಲ್ಲಾರ್ನೂ ನೋಡ್ಕೋತೀನಿ!" ಎಂದು ಭರಮಪ್ಪ ಕೈ ಬೀಸಿದ.

ಸುಬ್ಬಕ್ಕ ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದಳು. ಅಂಗಿ ಹಿಂಡಿದರೆ ಒಂದು ಚೊಂಬು ಬೆವರು. ಅವನ ಬಾಯಿಯ ಹತ್ತಿರ ಮೂಗಿಟ್ಟು ಮೂಸಿದಳು.

"ಕುಡ್ದಿರೋನ ಬಾಯಿ ಹಿಂಗಿರಲ್ಲ ಕಣೋ. ಹಿಡ್ಕೋ ಕೈಯ, ಗಟ್ಟಿಯಾಗಿ."

ತನ್ನ ಚೀಲದಲ್ಲಿದ್ದ ಶುಗರ್ ಮೆಷಿನ್ ತೆಗೆದು ಅವನ ಬೆರಳು ಚುಚ್ಚಿದಳು. ನಲವತ್ತೊಂದು. ಇನ್ನಷ್ಟು ಇಳಿದರೆ ಎಚ್ಚರವೇ ತಪ್ಪುವ ಅಂಕಿ. ಕಪಾಟಿನಿಂದ ಗ್ಲೂಕೋಸ್ ಪುಡಿಯ ಪೊಟ್ಟಣ ಎಳೆದು, ಹಲ್ಲಿನಲ್ಲಿ ಕಚ್ಚಿ ಹರಿದು, ನೀರಿಗೆ ಸುರಿದು, ಗುಟುಕು ಗುಟುಕಾಗಿ ಕುಡಿಸಿದಳು. ಬಿಲ್ ಹಾಕುವುದೋ ಬೇಡವೋ ತಿಳಿಯದೆ ಪ್ರಸನ್ನ ಕಂಪ್ಯೂಟರ್ ಮುಂದೆ ಕೈಯೆತ್ತಿಕೊಂಡೇ ನಿಂತಿದ್ದ. ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಚುಚ್ಚಿದಳು. ಎಪ್ಪತ್ತೆಂಟು.

ಭರಮಪ್ಪ ಸುತ್ತ ನೋಡಿದ. "ನಾ ಇಲ್ಲಿ ಯಾಕ ಕುಂತೀನ್ರಿ ಅಕ್ಕಾರ? ಶಿಫ್ಟಿಗೆ ಹೊತ್ತಾತು."

ಸುಬ್ಬಕ್ಕ ತನ್ನ ಡಬ್ಬಿಯ ಚಿತ್ರಾನ್ನ ಅವನ ಮುಂದಿಟ್ಟು, ಸೋಮವಾರ ಬೆಳಿಗ್ಗೆ ಮೊದಲು ಡಾಕ್ಟರಿಗೆ ತೋರಿಸು ಅಂದಳು.

ಸೋಮವಾರ ಡಾಕ್ಟರಿಗಿಂತ ಮೊದಲು ಚಾರ್ಜ್‌ಶೀಟು ಬಂತು. ಮದ್ಯಪಾನ ಮಾಡಿ ಕರ್ತವ್ಯಕ್ಕೆ ಹಾಜರಾಗಿ, ಭದ್ರತಾ ಸಿಬ್ಬಂದಿಯ ಕೊರಳಪಟ್ಟಿ ಹಿಡಿದು, ಸಂಸ್ಥೆಯ ಶಿಸ್ತಿಗೆ ಭಂಗ ತಂದಿರುತ್ತೀರಿ. ವಿಚಾರಣೆ ಮುಗಿಯುವವರೆಗೆ ಅಮಾನತು. ಊದಿಸಿ ನೋಡುವ ಯಂತ್ರ ಗೇಟಿನಲ್ಲಿ ಇರಲಿಲ್ಲ, ರಕ್ತ ಪರೀಕ್ಷೆ ಮಾಡಿಸಲಿಲ್ಲ. ತೂರಾಡಿದ, ಆದ್ದರಿಂದ ಕುಡಿದಿದ್ದ. ಕಾರ್ಮಿಕ ಸಂಘದ ಕೆಲಸದಲ್ಲಿ ಇಂಥ ಚಾರ್ಜ್‌ಶೀಟುಗಳನ್ನು ನಾನು ಗೋಣಿಚೀಲಗಟ್ಟಲೆ ಓದಿದ್ದೇನೆ. ಕುಡಿತದ ಆರೋಪ ಸಾಬೀತಾದರೆ ಕೆಲಸ ಹೋಗುವುದಷ್ಟೇ ಅಲ್ಲ. ಪೀಣ್ಯದಲ್ಲಿ ಒಂದು ಗೇಟಿನ ಮಾತು ಹತ್ತು ಗೇಟಿಗೆ ಹೋಗುತ್ತದೆ. ಆಮೇಲೆ ಭರಮಪ್ಪನಿಗೆ ಯಾವ ಮೆಷಿನ್ನೂ ಸಿಗುವುದಿಲ್ಲ.

ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂದು ಡಾಕ್ಟರು ಬರೆದುಕೊಟ್ಟರು. ಶನಿವಾರ ಏನಾಯಿತು ಎಂಬುದನ್ನು ತಾನು ಕಣ್ಣಾರೆ ನೋಡಿಲ್ಲ, ಅದನ್ನು ಬರೆಯಲಾರೆ ಅಂದರು. ಅದೂ ಸರಿಯೇ.

ಬುಧವಾರ ಮುನಿಕೃಷ್ಣ, ಭರಮಪ್ಪ, ಅವನ ಹೆಂಡತಿ ಸವಿತಾ ಮೂವರೂ ಅಂಗಡಿಗೆ ಬಂದರು.

"ನಾ ಮನಿಯಾಗ ಇದ್ದಾಗ ರೊಟ್ಟಿ ತಿನಿಸೇ ಮಲಗಸ್ತಿದ್ದೆ ಅಕ್ಕಾರ," ಎಂದಳು ಸವಿತಾ. "ನಾ ಊರಿಗೆ ಹೋದ ವಾರನ ಹಿಂಗಾತು."

"ಅಂದ್ರೆ? ಮಾತ್ರೆ ತಗೊಂಡು ಏನೂ ತಿನ್ಲಿಲ್ವಾ?"

ಭರಮಪ್ಪ ಜೇಬಿನಿಂದ ಕವರು ತೆಗೆದ. ಮಡಿಸಿ ಮಡಿಸಿ ಮೆತ್ತಗಾಗಿತ್ತು. "ನೀವು ಬರದಂಗ ತಗೊಂಡೇನ್ರಿ. ಸೂರ್ಯ ಹುಟ್ಟಿದ ಕೂಡ್ಲೆ. ಖಾಲಿ ತಟ್ಟಿ ಬರದೀರಿ, ಅದಕ್ಕ ಖಾಲಿ ಹೊಟ್ಟಿಲೆ. ನೈಟ್ ಶಿಫ್ಟ್ ಮುಗಿಸಿ ಬಂದೆ, ಗುಳಿಗಿ ನುಂಗಿದೆ, ಮಕ್ಕೊಂಡೆ. ಅವತ್ತ ಡಬಲ್ ಮಾಡು, ಮಧ್ಯಾಹ್ನದ ಶಿಫ್ಟಿಗೂ ಬಾ ಅಂದಿದ್ರು. ಒಂದೂವರಿಗೆ ಎದ್ದು ಓಡಿದೆ."

ಸುಬ್ಬಕ್ಕ ಕವರು ಹಿಡಿದು ನೋಡಿದಳು. ತನ್ನದೇ ಕೈ. ಹನ್ನೆರಡು ಕಿರಣ ಬಿಟ್ಟ ಚಂದದ ಸೂರ್ಯ. ಪಕ್ಕದಲ್ಲಿ ಖಾಲಿ ತಟ್ಟೆ. ಮಾತ್ರೆ ನುಂಗಿದ ಕೂಡಲೇ ತಿಂಡಿ ತಿನ್ನಬೇಕು ಎಂಬುದನ್ನು ಆ ತಟ್ಟೆ ಹೇಳುತ್ತಿರಲಿಲ್ಲ. ರಾತ್ರಿಯೆಲ್ಲ ದುಡಿದು ಬಂದವನಿಗೆ ಸೂರ್ಯ ಹುಟ್ಟಿದರೆ ಅದು ಮಲಗುವ ಹೊತ್ತು. ನೈಟ್ ಶಿಫ್ಟಿನ ವಾರ ಅಪ್ಪನಿಗೆ ಸಂಜೆ ನಾಲ್ಕಕ್ಕೆ ಉಪ್ಪಿಟ್ಟು ಮಾಡಿಕೊಡುತ್ತಿದ್ದವಳು ಇದೇ ಸುಬ್ಬಲಕ್ಷ್ಮಿ. ಅದೇ ಮಗಳು ಪೀಣ್ಯದಲ್ಲಿ ಕುಳಿತು ಎಲ್ಲರಿಗೂ ಒಂದೇ ಸೂರ್ಯನನ್ನು ಹಂಚಿದ್ದಳು.

"ನನ್ ತಪ್ಪಿದು," ಎಂದಳು.

"ಅಯ್ಯ, ಬಿಡ್ರಿ ಅಕ್ಕಾರ. ಡಾಕ್ಟ್ರ ಚೀಟಿನ್ಯಾಗ ಇದ್ದದ್ದ ಬರದೀರಿ."

"ಡಾಕ್ಟ್ರು ಒಂದು, ಸೊನ್ನೆ, ಸೊನ್ನೆ ಅಂತ ಬರೆದ್ರು. ಸೂರ್ಯನ್ನ ಬರೆದಿದ್ದು ನಾನು. ಯಾವ ಶಿಫ್ಟಪ್ಪಾ ಅಂತ ಒಂದ್ ಮಾತು ಕೇಳ್ಬೇಕಿತ್ತು."

ಮುನಿಕೃಷ್ಣ ಇದಕ್ಕೇ ಕಾದಿದ್ದವನಂತೆ ಕೇಳಿದ. "ಅಕ್ಕಾ, ಎನ್‌ಕ್ವೈರೀಲಿ ಇವ್ನ ಪರ ಕೂರೋನು ನಾನೇ. ನೀವು ಸಾಕ್ಷಿ ಹೇಳೋಕೆ ಬರ್ತೀರಾ?"

"ಬರ್ತೀನಿ."

ಅವರು ಹೋದ ಮೇಲೆ ಪ್ರಸನ್ನ ಶಟರ್ ಅರ್ಧಕ್ಕೆ ಇಳಿಸಿ ಕುಳಿತ. ಕೆಟ್ಟ ಹುಡುಗನಲ್ಲ, ಹೆದರುವ ಹುಡುಗ.

"ಅಕ್ಕಾ, ಶುಗರ್ ಇಳಿದಿತ್ತು ಅಂತ ಹೇಳಿ ಬನ್ನಿ, ಸಾಕು. ಕವರ್ ವಿಷಯ ಎತ್ತಬೇಡಿ. ತಪ್ಪು ಬರೆದೆ ಅಂತ ಸೈನ್ ಹಾಕಿ ಕೊಟ್ರೆ ನಾಳೆ ಡ್ರಗ್ ಇನ್‌ಸ್ಪೆಕ್ಟರ್ ಬಂದು ನನ್ ಲೈಸೆನ್ಸ್ ಕೇಳ್ತಾನೆ."

"ಯಾಕೆ ಇಳೀತು ಅಂತ ಅವ್ರು ಕೇಳೇ ಕೇಳ್ತಾರಲ್ಲ ಪ್ರಸನ್ನ. ಆಗೇನ್ ಹೇಳ್ಲಿ? ದೇವರಿಚ್ಛೆ ಅನ್ಲಾ?"

"ಅನ್ನಿ. ಏನಾಗುತ್ತೆ?"

"ನನ್ನನ್ನೂ ಒಂದಿನ ಬಸ್ಸಿಂದ ಕುಡುಕಿ ಅಂತ ಇಳಿಸಿದ್ರು. ಅವತ್ತು ಯಾರೂ ನನ್ ಪರ ಬಾಯಿ ಬಿಡ್ಲಿಲ್ಲ. ಸುಮ್ನಿರು ನೀನು."

ವಿಚಾರಣೆಯ ಹಿಂದಿನ ದಿನ ಮುನಿಕೃಷ್ಣ ಮೆಷಿನ್ ನೋಡಲು ಬಂದ. ಗುಂಡಿ ಒತ್ತುತ್ತ ಹಿಂದಿನ ನಂಬರುಗಳಿಗೆ ಹೋದ. ನಲವತ್ತೊಂದು ಇತ್ತು. ಪಕ್ಕದ ತಾರೀಖು ಜನವರಿ ಹನ್ನೊಂದು ಅನ್ನುತ್ತಿತ್ತು.

"ಇದೇನಕ್ಕಾ, ಇದ್ರಲ್ಲಿ ಇನ್ನೂ ಸಂಕ್ರಾಂತಿ ಬಂದಿಲ್ಲ?"

"ಬ್ಯಾಟರಿ ಬದಲಾಯಿಸ್ದಾಗ ತಾರೀಖು ಹೋಯ್ತು. ಯಾರಪ್ಪ ಕೂತು ಸೆಟ್ ಮಾಡ್ತಾರೆ? ನಂಬರ್ ಬಂದ್ರೆ ಸಾಕು ಅಂದ್ಕೊಂಡೆ."

ಮುನಿಕೃಷ್ಣ ತಲೆ ಮೇಲೆ ಕೈ ಇಟ್ಟುಕೊಂಡ. ಇದೊಂದೇ ಲಿಖಿತ ಸಾಕ್ಷಿ, ಅದೂ ಜನವರಿಯದು. ದಾರಿ ಸುಬ್ಬಕ್ಕನಿಗೆ ಆಗಲೇ ಹೊಳೆದಿತ್ತು. ಮೆಷಿನ್ ಆಕೆಯದೇ. ಭರಮಪ್ಪನ ನಂಬರಿಗೆ ಮುಂಚೆ, ಆಮೇಲೆ, ಸಾಲಾಗಿ ಇರುವುದೆಲ್ಲ ಆಕೆಯ ನಂಬರುಗಳು. ಅವೇ ನಂಬರು ಸರಿಯಾದ ತಾರೀಖಿನ ಜೊತೆ ನೋಟ್‌ಬುಕ್ಕಿನಲ್ಲಿವೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಸಾಕು. ಆದರೆ ಆ ಪುಟಗಳಲ್ಲಿ ನೂರಾ ಮೂವತ್ತು ಎಂಬುದು ಒಂದೇ ಒಂದು ಸಲವೂ ಇರಲಿಲ್ಲ.

ಮರುದಿನ ಚೀಲಕ್ಕೆ ನೋಟ್‌ಬುಕ್ ಹಾಕಿಕೊಂಡಳು. ತೆಗೆದಿಟ್ಟಳು. ಮತ್ತೆ ಹಾಕಿಕೊಂಡಳು.

ಕಾರ್ಖಾನೆಯ ಟ್ರೈನಿಂಗ್ ಹಾಲಿನಲ್ಲಿ ವಿಚಾರಣೆ. ವಿಚಾರಣಾಧಿಕಾರಿ ಹೊರಗಿನಿಂದ ಕರೆಸಿದ ವಯಸ್ಸಾದ ವಕೀಲರು. ಆಡಳಿತದ ಕಡೆಯಿಂದ ಎಚ್‌ಆರ್‌ನ ಮಲ್ಲಿಕ್. ಅವನ ಸಾಕ್ಷಿ ಗೇಟಿನ ಸೆಕ್ಯೂರಿಟಿ ನಲ್ಲಪ್ಪ. ನಲ್ಲಪ್ಪ ಅಲ್ಲಿಯ ಹಳೇ ಊರಿನವನು. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈ ಕಾರ್ಖಾನೆ ನಿಂತಿದೆ. ಅಪ್ಪನ ಹೊಲಕ್ಕೆ ಮಗ ಕಾವಲುಗಾರ.

"ಕುಡ್ದಿದ್ನಾ?" ಎಂದರು ವಕೀಲರು.

"ತೂರಾಡ್ತಿದ್ದ ಸಾ. ಕಾಲರ್‌ಗೆ ಕೈ ಆಕ್ದ."

"ವಾಸನೆ ಬಂತಾ?" ಎಂದ ಮುನಿಕೃಷ್ಣ.

ನಲ್ಲಪ್ಪ ಮಲ್ಲಿಕ್‌ನ ಮುಖ ನೋಡಿದ, ಆಮೇಲೆ ಚಾವಣಿ ನೋಡಿದ. "ವಾಸ್ನೆ ಗ್ಯಾನ ಇಲ್ಲ. ಸುಳ್ಳ್ಯಾಕೆ ಏಳ್ಲಿ."

ನಂತರ ಸುಬ್ಬಲಕ್ಷ್ಮಿ. ನಡೆದದ್ದನ್ನು ಹೇಳಿದಳು, ಮೆಷಿನ್ ಮುಂದಿಟ್ಟಳು. ಮಲ್ಲಿಕ್ ಅದನ್ನು ತಿರುಗಿಸಿ ನೋಡಿ ನಕ್ಕ.

"ಮೇಡಂ, ಇದ್ರ ಪ್ರಕಾರ ಜನವರಿ ಹನ್ನೊಂದಕ್ಕೆ ಯಾರಿಗೋ ನಲವತ್ತೊಂದು. ನಾವು ಮಾತಾಡ್ತಿರೋದು ಸೆಪ್ಟೆಂಬರ್ ವಿಷಯ. ಇದು ಭರಮಪ್ಪಂದೇ ಅಂತ ಏನ್ ಗ್ಯಾರಂಟಿ?"

ಭರಮಪ್ಪ ಕುರ್ಚಿಯ ಅಂಚಿನಲ್ಲಿ ಕುಳಿತು ನೆಲ ನೋಡುತ್ತಿದ್ದ. ಬಸ್ಸಿನಿಂದ ಇಳಿಸಿದ ದಿನ ಸುಬ್ಬಕ್ಕ ಫುಟ್‌ಪಾತಿನ ಕಲ್ಲು ನೋಡುತ್ತಿದ್ದದ್ದು ಹಾಗೆಯೇ. ಸುಬ್ಬಕ್ಕ ನೋಟ್‌ಬುಕ್ ತೆಗೆದು ವಕೀಲರ ಮುಂದೆ ಬಿಚ್ಚಿಟ್ಟಳು.

"ನಾನೂ ಶುಗರ್ ಪೇಷಂಟೇ ಸಾರ್. ಇವು ನನ್ ನಂಬರು. ಮೆಷಿನ್ ಜೊತೆ ತಾಳೆ ನೋಡಿ."

ವಕೀಲರು ಕನ್ನಡಕ ಏರಿಸಿದರು. ಒಂದೊಂದನ್ನೇ ಗಟ್ಟಿಯಾಗಿ ಓದುವ ಅಭ್ಯಾಸ ಅವರದು. "ಶನಿವಾರ ಬೆಳಿಗ್ಗೆ ನೂರಾ ನಲವತ್ತೆರಡು. ಮೆಷಿನ್ನಲ್ಲಿ?"

"ನೂರಾ ನಲವತ್ತೆರಡು," ಎಂದ ಮುನಿಕೃಷ್ಣ. "ಆಮೇಲೆ ನಲವತ್ತೊಂದು, ಎಪ್ಪತ್ತೆಂಟು. ಆಮೇಲೆ ನೂರಾ ಎಂಬತ್ತೇಳು."

"ಶನಿವಾರ ಸಂಜೆ ನೂರಾ ಎಂಬತ್ತೇಳು. ಸರಿ ಇದೆ. ನಡುವಿನ ಎರಡು ಪುಸ್ತಕದಲ್ಲಿಲ್ಲ."

"ಅವು ಭರಮಪ್ಪಂದು ಸಾರ್."

ವಕೀಲರು ಅಷ್ಟಕ್ಕೇ ಬಿಡಲಿಲ್ಲ. ಹಿಂದಕ್ಕೆ ಹೋದರು. ಶುಕ್ರವಾರ ಇನ್ನೂರ ಮೂವತ್ತೊಂದು, ಸರಿ. ಗುರುವಾರ ಇನ್ನೂರ ಅರವತ್ನಾಲ್ಕು, ಸರಿ. ಹಾಗೇ ಓದುತ್ತ ಗೌರಿ ಹಬ್ಬದ ಸಂಜೆಗೆ ಬಂದರು. "ಮುನ್ನೂರ ಹದಿನೆಂಟು."

"ಮುನ್ನೂರಾ ಅದ್ನೆಂಟಾ?" ನಲ್ಲಪ್ಪ ಎದ್ದೇಬಿಟ್ಟ. "ನಂಗೆ ಇನ್ನೂರು ಬಂತು ಅಂದಿದ್ಕೆ ರೋಡಲ್ಲಿ ನಿಲ್ಸಿ ಉಗ್ದಿದ್ಯಲ್ಲವ್ವಾ! ನಿಂದು ನೂರಾ ಮೂವತ್ತು ಅಂತಿದ್ದೆ!"

ಮಲ್ಲಿಕ್‌ಗೂ ನಗು ತಡೆಯಲಾಗಲಿಲ್ಲ. ಸುಬ್ಬಕ್ಕನ ಕಿವಿ ಕೆಂಪಾಯಿತು. "ಹೋಳಿಗೆ ತಿಂದೆ. ಎರಡು," ಎಂದಳು. ಒಂದು ಕ್ಷಣ ಬಿಟ್ಟು, "ಮೂರು," ಎಂದಳು.

"ಶುಗರ್ ಯಾಕೆ ಅಷ್ಟು ಇಳೀತು ಅಂತ ಹೇಳ್ತೀರಾ?" ಎಂದರು ವಕೀಲರು, ನಗು ನಿಂತ ಮೇಲೆ.

"ನಾನು ಕವರ್ ಮೇಲೆ ತಪ್ಪು ಬರೆದಿದ್ದಕ್ಕೆ ಸಾರ್. ನೈಟ್ ಶಿಫ್ಟ್ ಮಾಡೋನಿಗೆ ಸೂರ್ಯನ್ನ ಬರೆದ್ಕೊಟ್ಟೆ. ಮಾತ್ರೆ ಆದ್ಮೇಲೆ ತಿನ್ನು ಅಂತ ಬರೀಲಿಲ್ಲ. ಬರ್ಕೊಳ್ಳಿ, ಸೈನ್ ಹಾಕ್ತೀನಿ."

ಹಾಕಿದಳು.

ಆರೋಪ ಸಾಬೀತಾಗಿಲ್ಲ ಎಂದು ವಕೀಲರು ವರದಿ ಕೊಟ್ಟರು. ಅಮಾನತಾದ ಮೂವತ್ತನಾಲ್ಕನೇ ದಿನ ಭರಮಪ್ಪ ಅದೇ ಗೇಟಿನಲ್ಲಿ ಒಳಗೆ ಹೋದ. ಕಾಲರ್ ಹಿಡಿದದ್ದಕ್ಕೆ ಒಂದು ಎಚ್ಚರಿಕೆ ಪತ್ರ ಕೊಟ್ಟರು. ಅವನನ್ನು ಕುಡುಕ ಅಂದದ್ದಕ್ಕೆ ಯಾರೂ ಏನೂ ಹೇಳಲಿಲ್ಲ. ಕ್ಷಮೆ ಕೇಳುವ ಫಾರಂ ಯಾವ ಕಾರ್ಖಾನೆಯಲ್ಲೂ ಅಚ್ಚಾಗಿಲ್ಲ. ಆದರೆ ಮುನಿಕೃಷ್ಣ ಹಟ ಹಿಡಿದು, ಸೆಕ್ಯೂರಿಟಿ ರೂಮಿನ ಫಸ್ಟ್ ಏಡ್ ಡಬ್ಬಿಗೆ ಗ್ಲೂಕೋಸ್ ಪೊಟ್ಟಣ, ಒಂದು ಶುಗರ್ ಮೆಷಿನ್ ಹಾಕಿಸಿದ. ಹೆಚ್ಚು ಖರ್ಚಿಲ್ಲದ ಕೆಲಸವಾದ್ದರಿಂದ ಮಲ್ಲಿಕ್ ಒಪ್ಪಿಕೊಂಡ. ಡ್ರಗ್ ಇನ್‌ಸ್ಪೆಕ್ಟರ್ ಪ್ರತಿ ವರ್ಷ ಬರುವಂತೆ ಬಂದ, ಫ್ರಿಜ್ಜಿನ ತಾಪ ನೋಡಿದ, ಹೋದ. ಪ್ರಸನ್ನ ಅಂದು ಸಂಜೆ ಸುಬ್ಬಕ್ಕನ ಮೆಷಿನ್ನಿಗೆ ಸರಿಯಾದ ತಾರೀಖು ಹಾಕಿಕೊಟ್ಟ.

ಈಗ ಕವರಿನ ಮೇಲೆ ಸೂರ್ಯನಿಲ್ಲ. ಮೊದಲು "ಯಾವ ಶಿಫ್ಟು, ಎಷ್ಟೊತ್ತಿಗೆ ಉಣ್ತೀರಾ" ಎಂದು ಕೇಳುತ್ತಾಳೆ. ಉಣ್ಣುವ ಗಂಟೆಯನ್ನು ದೊಡ್ಡದಾಗಿ ಬರೆಯುತ್ತಾಳೆ. ಒಂದು ಮಾತ್ರೆ, ಮುಂದೆ ಬಾಣ, ಬಾಣದ ತುದಿಗೆ ತುಂಬಿದ ತಟ್ಟೆ. ಸಾಲು ಉದ್ದವಾಗುತ್ತದೆ, ಜನ ಗೊಣಗುತ್ತಾರೆ. ಗೊಣಗಲಿ ಅನ್ನುತ್ತಾಳೆ.

ಮೊನ್ನೆ ನಾನು ಅಂಗಡಿಗೆ ಹೋದಾಗ ನಲ್ಲಪ್ಪ ಕೌಂಟರಿಗೆ ಒರಗಿ ನಿಂತಿದ್ದ. ಅವನ ಹಿಂದೆ ನಾಲ್ಕೈದು ಜನ.

"ಮೊದ್ಲು ನಿಂದೇಳವ್ವಾ, ಇವತ್ತು ಬೆಳಿಗ್ಗೆ ಎಷ್ಟು? ಆಮೇಲ್ ನಾನು ಬೆರಳು ಕೊಡ್ತೀನಿ."

"ಇನ್ನೂರಾ ಆರು."

"ಓಳಿಗೇನಾ?"

"ಮುದ್ದೆ ಕಣಣ್ಣ. ಒಂದು ಜಾಸ್ತಿ ಆಯ್ತು. ಸಂಜೆ ನಡೀತೀನಿ."

ಸಾಲಿನ ಹಿಂದಿನಿಂದ ಒಬ್ಬ ಗಾರ್ಮೆಂಟ್ಸ್ ಹೆಂಗಸು ಮುಂದೆ ಬಂದು, ದನಿ ತಗ್ಗಿಸಿ, "ಅಕ್ಕಾ, ನಂದು ಮುನ್ನೂರು ದಾಟಿ ತಿಂಗಳಾಯ್ತು. ಬೈತೀರಾ ಅಂತ ಹೇಳಿರ್ಲಿಲ್ಲ," ಎಂದಳು.

ಸುಬ್ಬಕ್ಕ ಬೈಯಲಿಲ್ಲ. "ಯಾವ ಶಿಫ್ಟಮ್ಮಾ ನಿಂದು?" ಎಂದು ಹೊಸ ಕವರು ತೆಗೆದಳು.